ಸಮಸ್ಯಾಪೂರಣ: ಕಾಡು ನಡೆದುದು ಕೋಟೆಯತ್ತಲು ಬೇರು ಕದಲದೆಯೇ

ಸಂಚಾಲಕ: ಸಮಸ್ಯೆ ಮೇಲಿದೆ; ಅದೇ ಕೊನೆಯ ಸಾಲಾಗುವಂತೆ ಪದ್ಯ ಕಟ್ಟಿ. ಭಾಮಿನಿ ಷಟ್ಪದಿ. ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ಬಿಟ್ಟು ಆಚೆ ಹೋಗಬೇಡಿ. ಬರ್ನಂ ಕಾಡು ತನ್ನ ಕೋಟೆಯಿರುವ ಡನ್ಸಿನೇನ್ ಗುಡ್ಡಕ್ಕೆ ನಡೆದು ಬರುವ ತನಕ ಆ ದೊರೆಗೆ ಸೋಲಿಲ್ಲ ಅನ್ನೋ ಭವಿಷ್ಯವಾಣಿ ನೆನಪಿರಲಿ.

ಗಮಕಿ:
ಬೀಡು ಬಿಟ್ಟಿಹ ಹಗೆಯ ಪಡೆಯದು
ಕೂಡಿ ಬರ್ನಂ ವನವ ಹೊಕ್ಕುದು
ಗೂಡು ಸಹಿತವೆ ಕೊಂಬೆಗಳ ಕಡಿದೆದುರು ಹಿಡಿದುದಲಾ
ಓಡಿ ಬಂದಾ ದೂತನುಸುರಿದ
ನೋಡು ದೊರೆಯೇ ಮೂರು ಮೈಲಿಗೆ
ಕಾಡು ನಡೆದುದು ಕೋಟೆಯತ್ತಲು ಬೇರು ಕದಲದೆಯೇ

ರಗಳೆರಾಯ: ‘ಗೂಡು ಸಹಿತವೆ’ ಭೇಷ್. ‘ಬರ್ನಂ’ ಮಾತ್ರ ಒಪ್ಪಲ್ಲ. ಅಲ್ಲಿಯವರು ಒತ್ತೋದು ‘ಬರ್’ ಮೇಲೆ, ‘ನಂ’ ತೇಲಿಹೋಗುತ್ತೆ. ಅದಕ್ಕೂ ಎರಡು ಮಾತ್ರೆ ಕೊಟ್ಟರೆ ಹೆಸರು ಜಗ್ಗುತ್ತೆ.

ಗಮಕಿ: ಸೊನ್ನೆ ಬಿದ್ದ ಮೇಲೆ ಗುರುವೇ ಸ್ವಾಮಿ. ಇಂಗ್ಲಿಷಿನ ಒತ್ತು ತಂದು ನಮ್ಮ ಮಾತ್ರೆ ಅಳೆಯೋದು ಯಾವ ನ್ಯಾಯ? ಆ ಕವಿಯೇ ಹೆಸರು ಬಗ್ಗಿಸಿದ್ದಾನೆ. ‘ಡನ್ಸಿನೇನ್’ ನೋಡಿ: 4ನೇ ಅಂಕದಲ್ಲಿ, ಮರ ಹಿಡಿದ ಮಗುವಿನ ಮಾಯಾರೂಪ ಭವಿಷ್ಯ ನುಡಿಯುವಾಗ ಒತ್ತು ‘ಸಿ’ ಮೇಲೆ. 5ನೇ ಅಂಕಕ್ಕೆ ಬಂದರೆ ‘ಡನ್’, ‘ನೇನ್’ಗಳ ಮೇಲೆ.

ರಗಳೆರಾಯ: ಬೇಕಾಬಿಟ್ಟಿ ಬಗ್ಗಿಸಿದ್ದಲ್ಲ. ಅವನ ಸಾಲಿಗೆ ಹತ್ತು ಉಚ್ಚಾರದ ಜಾಗ, ಒತ್ತು ಬೀಳೋದು ಎರಡು, ನಾಲ್ಕು, ಆರು, ಎಂಟು, ಹತ್ತರ ಮೇಲೆ. 4ರಲ್ಲಿ ಸಾಲಿನ ಕೊನೆಗೆ ‘ಹಿಲ್’ ಬಂದು ಹಿಂದಿನ ಸಾಲಿನ ‘ಅನ್‌ಟಿಲ್’ಗೆ ಪ್ರಾಸ ಕೂಡಬೇಕು. ಹತ್ತನೇ ಜಾಗ ‘ಹಿಲ್’ಗೆ ಹೋಯಿತು, ಒಂಬತ್ತರಲ್ಲಿ ‘ನೇನ್’ ಇಳಿಯಿತು, ಎಂಟರಲ್ಲಿ ‘ಸಿ’ ಏರಲೇಬೇಕು. 5ರ 3ನೇ ದೃಶ್ಯದಲ್ಲಿ ಪ್ರಾಸ ‘ಬೇನ್’ ಜೊತೆ; ಅಲ್ಲಿ ಹೆಸರೇ ಸಾಲಿನ ಕೊನೆಗೆ, ‘ನೇನ್’ ಎದ್ದು ನಿಲ್ಲುತ್ತೆ.

ಗಮಕಿ: ಅವನು ಪ್ರಾಸಕ್ಕಾಗಿ ಒತ್ತನ್ನೇ ಜರುಗಿಸಬಹುದು, ನಾನು ಅಕ್ಷರ ಇದ್ದ ಹಾಗೇ ಎಣಿಸಿದರೆ ತಪ್ಪೇ? ದಸರಾ ಪದ್ಯದಲ್ಲಿ ನೀವು ‘ಲಂಡನ್’ ಅನ್ನು ಮೂರು ಮಾತ್ರೆಗೆ ಹಿಂಡಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ.

ಮಲ್ಲಿಗೆಬನ:
ಮಾಡು ಬಾನೇ ತೆರೆಯು ಮಾತೇ
ಆಡುವಾತನ ಕೈಯ ರೆಂಬೆಯೆ
ಜೋಡಿ ಕಂಬದ ನಡುವೆ ಬರ್ನಂ ವನವೆ ತಾನಾಯ್ತು
ನೋಡುತಿರುವರ ಕಣ್ಣಮುಂದೆಯೆ
ಕೂಡಿ ಹತ್ತೇ ಮಂದಿ ನಡೆದರು
ಕಾಡು ನಡೆದುದು ಕೋಟೆಯತ್ತಲು ಬೇರು ಕದಲದೆಯೇ

ಸಂಚಾಲಕ: ಷೇಕ್ಸ್‌ಪಿಯರನ ಕಾಲದ, ಮೇಲೆ ಬಾನು ತೆರೆದ ಗ್ಲೋಬ್ ರಂಗವೇ ಕಣ್ಣಿಗೆ ಬಂತು. ಚೆನ್ನಾಗಿದೆ.

ರಗಳೆರಾಯ: ಹೂಂ, ಸೊಗಸು. ಗಮಕಿಗಳೇ, ‘ಮೂರು ಮೈಲಿ’ ಎಲ್ಲಿಂದ ಬಂತು? ಬರ್ನಮ್‌ನಿಂದ ಡನ್ಸಿನೇನ್ ಗುಡ್ಡಕ್ಕೆ ಹತ್ತು ಮೈಲಿಗೂ ಮೇಲಿದೆ.

ಗಮಕಿ: ನಾಟಕದಿಂದಲೇ. 5ರ 5ನೇ ದೃಶ್ಯ. ಮೂರು ಮೈಲಿಯೊಳಗೆ ಬರ್ತಿದೆ, ನೀವೇ ನೋಡಬಹುದು ಅಂತಾನೆ ದೂತ. ಅವನ ಕಣ್ಣಿಗೆ ಬೀಳೋ ಹೊತ್ತಿಗೆ ಸೈನ್ಯ ಬಹುಪಾಲು ದಾರಿ ಸವೆಸಿಯಾಗಿದೆ. ರೆಂಬೆ ಹಿಡಿಸಿದ್ದು ತಲೆ ಲೆಕ್ಕ ಸಿಗದಿರಲಿ ಅಂತ. ದಂಡೆತ್ತಿ ಬಂದ ರಾಜಕುಮಾರ ಮಾಲ್ಕಮ್ ಹಿಂದಿನ ದೃಶ್ಯದಲ್ಲೇ ಅದನ್ನು ಹೇಳಿದ್ದಾನೆ.

ರಗಳೆರಾಯ: ಮೈಲಿ ಒಪ್ಪಿದೆ. ‘ನಂ’ ಇನ್ನೂ ಒಪ್ಪಿಲ್ಲ.

ಸಂಚಾಲಕ: ಬರ್ನಂ ನಾಲ್ಕು ಮಾತ್ರೆ, ತೀರ್ಮಾನ ಆಯಿತು. ಮುಂದಿನದು: ‘ಕೈಯ ತೊಳೆಯಲು ಹಸಿರು ಕಡಲದು ಕೆಂಪು ತಳೆದುದಲಾ’.