ಕಾಯಿನ್ ಕೊಂಡರೆ ಮಾತ್ರ ಮಾತಾಡುವ ಹುಡುಗಿ: ಇದು ಬಾಟ್ ಅಲ್ವಾ?

ಪ್ರಶ್ನೆ: ನನ್ನ ತಮ್ಮ ಒಂದು ಡೇಟಿಂಗ್ ಆ್ಯಪ್ ಹಾಕಿಕೊಂಡಿದ್ದಾನೆ. ಫೋಟೊ ಹಾಕುವ ಮೊದಲೇ ಸಾಲಾಗಿ ಮೆಸೇಜ್ ಬಂದವು. ಉತ್ತರ ಕೊಡಬೇಕಾದರೆ ಕಾಯಿನ್ ಕೊಳ್ಳಬೇಕು. ಒಬ್ಬ ಹುಡುಗಿ ಹಾಸನದವಳು ಅಂತಾಳೆ, 'ಅಲ್ಲಿ ಮಳೆ ಬಂತಾ?' ಅಂತ ಕೇಳಿದರೆ 'ನೀವು ತುಂಬಾ ಸ್ವೀಟ್' ಅಂತ ಬರುತ್ತದೆ. ನಡುರಾತ್ರಿಯೂ ಎರಡೇ ಸೆಕೆಂಡಿಗೆ ಉತ್ತರ. ಸಂಬಳದ ದುಡ್ಡೆಲ್ಲ ಅಲ್ಲಿಗೇ ಹೋಗುತ್ತಿದೆ. ಹೇಗೆ ತಿಳಿಸಿ ಹೇಳಲಿ?

ಉತ್ತರ 1: ಬಾಟೇ ಇರಬೇಕು, ಅಂದರೆ ಮನುಷ್ಯರಂತೆ ತಾನಾಗಿ ಮೆಸೇಜ್ ಕಳಿಸುವ ಪ್ರೋಗ್ರಾಂ. ಕೆನಡಾದ ಆಶ್ಲಿ ಮ್ಯಾಡಿಸನ್ ಅನ್ನೋ ಡೇಟಿಂಗ್ ಸೈಟ್‌ನ ಕಥೆ ಹೇಳಿ. 2015ರಲ್ಲಿ ಹ್ಯಾಕರ್‌ಗಳು ಅದರ ಮಾಹಿತಿ ಹೊರಹಾಕಿದಾಗ ಹೆಣ್ಣಿನ ಹೆಸರಿನ ಸಾವಿರಾರು ನಕಲಿ ಪ್ರೊಫೈಲ್‌ಗಳು ಬಯಲಾದವು. ಪುಕ್ಕಟೆ ಖಾತೆ ತೆರೆದ ಗಂಡಸಿಗೆ ಬಾಟ್ ಮೆಸೇಜ್ ಕಳಿಸುತ್ತಿತ್ತು, ಉತ್ತರಿಸಲು ಅವನು ದುಡ್ಡು ಕಟ್ಟಬೇಕಿತ್ತು. ನಿಮ್ಮ ತಮ್ಮನಿಗೆ ಆಗುತ್ತಿರುವುದೂ ಇದೇ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಆಶ್ಲಿ ಮ್ಯಾಡಿಸನ್ ಮೇಲೆ ಕೇಸು ಹಾಕಿತು. 2016ರ ಡಿಸೆಂಬರ್‌ನಲ್ಲಿ ಕಂಪನಿ 16 ಲಕ್ಷ ಡಾಲರ್‌ಗೂ ಜಾಸ್ತಿ ಕಟ್ಟಲು ಒಪ್ಪಿತು.

ಉತ್ತರ 2: ಅಕ್ಕ, ದಯವಿಟ್ಟು ಬೈಯಬೇಡಿ. ಒಂಟಿತನಕ್ಕೇ ಹೋಗಿರುತ್ತಾರೆ, ಬೈದರೆ ಮುಚ್ಚಿಡುತ್ತಾರೆ. ಪಕ್ಕದಲ್ಲಿ ಕೂತು ಆ ಹುಡುಗಿಯ ಫೋಟೊವನ್ನು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಬೇರೆ ಹೆಸರಲ್ಲಿ ಸಿಕ್ಕರೆ ಅವನಿಗೇ ಅರ್ಥವಾಗುತ್ತದೆ. ಯುಪಿಐ ಆ್ಯಪ್‌ನಲ್ಲಿ ಆಟೋಪೇ ಇದ್ದರೆ ಇವತ್ತೇ ನಿಲ್ಲಿಸಿ, ಆ್ಯಪ್ ಅಳಿಸಿದರೂ ಅದು ಸುಮ್ನೆ ಕಡಿತವಾಗುತ್ತಲೇ ಇರಬಹುದು.

ಉತ್ತರ 3: ವಿಡಿಯೊ ಕಾಲ್‌ನ ರೆಕಾರ್ಡಿಂಗ್ ತೋರಿಸಿ ಹೆದರಿಸಿ ದುಡ್ಡು ಕೇಳಿದರೆ ಒಂದು ಪೈಸೆಯೂ ಕೊಡಬೇಡಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.