ಸ್ವಾತಿ ನಕ್ಷತ್ರಕ್ಕೆ ಕಿತ್ತಳೆ ಬಣ್ಣವೇಕೆ?

ಪ್ರಶ್ನೆ: ಮೇ ತಿಂಗಳ ರಾತ್ರಿ ಸಪ್ತರ್ಷಿ ಮಂಡಲದ ಬಾಲದ ಬಾಗನ್ನು ಮುಂದುವರಿಸಿದರೆ ಸ್ವಾತಿ ಸಿಗುತ್ತದೆ. ಅದರಾಚೆಯ ಚಿತ್ತಾ ನೀಲಿ-ಬಿಳುಪು, ಇದೇಕೆ ಕಿತ್ತಳೆ? ಧೂಳಿನಿಂದಲೇ?

ಉತ್ತರ: ಧೂಳಲ್ಲ, ಅದರ ಸ್ವಂತ ಬಣ್ಣ. ಮೇಲ್ಮೈ ತಾಪ ಸುಮಾರು 4,300 ಕೆಲ್ವಿನ್. ಸೂರ್ಯನದು ಸುಮಾರು 5,800. ತಾಪ ಕಡಿಮೆಯಾದಷ್ಟೂ ತಾರೆ ಕಿತ್ತಳೆ-ಕೆಂಪಿನತ್ತ, ಹೆಚ್ಚಾದಷ್ಟೂ ನೀಲಿಯತ್ತ. ಸ್ವಾತಿಯ ಗರ್ಭದ ಹೈಡ್ರೋಜನ್ ತೀರಿದ ಮೇಲೆ ಹೊರಪದರ ಉಬ್ಬಿ ತಣಿದಿದೆ. ದ್ರವ್ಯರಾಶಿ ಹೆಚ್ಚುಕಡಿಮೆ ಸೂರ್ಯನಷ್ಟೇ, ವ್ಯಾಸ ಮಾತ್ರ 25 ಪಟ್ಟು! ನಮ್ಮ ಸೂರ್ಯನ ಮುಂದಿನ ಗತಿಯನ್ನು ಬರಿಗಣ್ಣಿಗೇ ತೋರಿಸುವ ಈ ತಾರೆಯ ಮೇಲೆ ನನಗೆ ವಿಶೇಷ ಅಕ್ಕರೆ.

ಪ್ರಶ್ನೆ ಕೇಳಿದವರು: ತಣಿದ ಮೇಲೂ ಇಷ್ಟು ಪ್ರಕಾಶವೇ?

ಉತ್ತರ: ಮೈ ದೊಡ್ಡದಲ್ಲವೇ! ಸೂರ್ಯನ ಸುಮಾರು 170 ಪಟ್ಟು ಬೆಳಕು. ದೂರವೂ ಬರೀ 37 ಜ್ಯೋತಿರ್ವರ್ಷ.

ಮತ್ತೊಬ್ಬರು: ಇದರ ಚಲನೆಯನ್ನೂ ಸೇರಿಸಿ. ಪ್ರಾಚೀನ ಗ್ರೀಕರು ದಾಖಲಿಸಿದ ಜಾಗದಿಂದ ಇದು ಸರಿದಿದೆಯೆಂದು 1718ರಲ್ಲಿ ಖಗೋಳಜ್ಞ ಎಡ್ಮಂಡ್ ಹ್ಯಾಲಿ ಗುರುತಿಸಿದರು. ಬೈನಾಕ್ಯುಲರ್ ಅನ್ನು ತುಸು ಮಸುಕಾಗಿಸಿ ನೋಡಿ, ಬಣ್ಣ ಎದ್ದು ಕಾಣುತ್ತದೆ.