ಅಪ್ಪನ ಬೀಡಿ ಹೊಗೆಯಿಂದ ಅಮ್ಮನ ಹಾರ್ಟ್‌ಗೆ ತೊಂದ್ರೆ ಆಗುತ್ತಾ?

ತುಂಗಾತೀರ:
ನಮ್ಮಮ್ಮಂಗೆ 58, ಯಾವತ್ತೂ ಬೀಡಿ ಮುಟ್ಟಿದೋರಲ್ಲ, ಆದ್ರೆ ಅಪ್ಪ ನಡುಮನೇಲೇ ಟಿವಿ ಮುಂದೆ ಕೂತು ಸೇದ್ತಾರೆ, ಮೊದ್ಲಿಂದ್ಲೂ. ಈಗ ಮೆಟ್ಲು ಹತ್ತುವಾಗ ಅಮ್ಮಂಗೆ ಎದೆ ಹಿಡ್ಕೊಂಡಂಗೆ ಆಗುತ್ತೆ ಅಂತ ತೋರಿಸಿದ್ವಿ, ಎಕೋ (ಹಾರ್ಟಿನ ಸ್ಕ್ಯಾನ್) ನಾರ್ಮಲ್, ಇಎಫ್ (ಒಂದೊಂದು ಬಡಿತಕ್ಕೆ ಹಾರ್ಟ್ ಹೊರಗೆ ತಳ್ಳೋ ರಕ್ತದ ಪಾಲು) 60%. ಡಾಕ್ಟ್ರು ಮನೇಲಿ ಯಾರಾದ್ರೂ ಸೇದ್ತಾರಾ ಅಂತ ಕೇಳಿ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡೋ ಟೆಸ್ಟ್) ಬರ್ಕೊಟ್ರು. ಅಪ್ಪ ಮಾತ್ರ ‘ಎಕೋನೇ ನಾರ್ಮಲ್ ಅಂದ್ಮೇಲೆ ನನ್ ಬೀಡಿ ಏನ್ ಮಾಡ್ತು, ಕಿಟಕಿ ತೆಗ್ದೇ ಇರುತ್ತಲ್ಲ’ ಅಂತಾರೆ. ಏನ್ ಹೇಳ್ಲಿ?

ಇಸಿಜಿ_ಟೆಕ್:
ಎಕೋದಲ್ಲಿ ನೋಡೋದು ಹಾರ್ಟ್ ಎಷ್ಟು ಪಂಪ್ ಮಾಡ್ತಿದೆ, ವಾಲ್ವ್ ಸರಿ ಇದ್ಯಾ ಅಂತ. ಹೊಗೆ ಮೊದ್ಲು ಹೊಡಿಯೋದು ರಕ್ತನಾಳದ ಒಳಪದರಕ್ಕೆ, ಅದು ಅಲ್ಲಿ ಕಾಣಲ್ಲ. ಪದರ ಕೆಟ್ರೆ ನಾಳ ಬೇಕಾದಾಗ ಅಗಲ ಆಗಲ್ಲ, ಪ್ಲೇಟ್‌ಲೆಟ್ ಅಂಟಂಟಾಗಿ ರಕ್ತ ಹೆಪ್ಪುಗಟ್ಟೋ ಚಾನ್ಸ್ ಜಾಸ್ತಿ, ಸಾಲ್ದು ಅಂತ ಹೊಗೆಲಿರೋ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಕ್ಸಿಜನ್ ಹೊರೋ ಹಿಮೋಗ್ಲೋಬಿನ್‌ಗೆ ಅಂಟ್ಕೊಂಡು ಆಕ್ಸಿಜನ್ ಜಾಗ ಕಿತ್ಕೊಳುತ್ತೆ. ಜಪಾನಲ್ಲಿ ಸೇದದೇ ಇರೋ ಆರೋಗ್ಯವಂತ ಹುಡುಗ್ರನ್ನ ಬರೀ 30 ನಿಮಿಷ ಹೊಗೆ ರೂಮಲ್ಲಿ ಕೂರಿಸಿ ನೋಡಿದ್ರು (2001ರಲ್ಲಿ ಬಂದ ಸ್ಟಡಿ), ಹಾರ್ಟಿನ ನಾಳಗಳು ರಕ್ತದ ಹರಿವು ಹೆಚ್ಚಿಸ್ಕೊಳೋ ಶಕ್ತಿ ಸೇದೋರ ಮಟ್ಟಕ್ಕೇ ಇಳಿದಿತ್ತು. ಮೆಟ್ಲು ಹತ್ತುವಾಗ ಬೇಕಾಗೋದು ಅದೇ ಶಕ್ತಿ. ಟಿಎಂಟಿ ಮುಂದೂಡ್ಬೇಡಿ, ಸುಮ್ನೆ ಕೂತಾಗ್ಲೂ ನೋವು ಬಂದ್ರೆ ನೇರ ಎಮರ್ಜೆನ್ಸಿಗೆ ಹೋಗಿ.

ಹಟ್ಟಿಗೌಡ:
ಸುಮ್ನೆ ಹೆದರಿಸ್ಬೇಡಿ ಗುರು. ನಮ್ಮಜ್ಜ ಸಾಯೋತನ್ಕ ಸೇದಿದ್ರು, ಅಜ್ಜಿ 90 ದಾಟಿದ್ರು. ಬೀಡಿಗಿಂತ ಸೌದೆ ಒಲೆ ಹೊಗೆನೇ ಜಾಸ್ತಿ ಅಲ್ವಾ

ಇಸಿಜಿ_ಟೆಕ್:
ಒಲೆ ಹೊಗೆನೂ ಕೆಟ್ಟದ್ದೇ, ಅದಕ್ಕೆ ಬೀಡಿಗೆ ಮಾಫಿನಾ? ಬೇರೆಯವರ ಹೊಗೆ ಕುಡಿಯೋರಿಗೆ ಹಾರ್ಟ್ ಕಾಯಿಲೆ ಅಪಾಯ 25-30% ಹೆಚ್ಚು ಅಂತ ಅಮೆರಿಕದ ಸರ್ಜನ್ ಜನರಲ್ (ಅಲ್ಲಿನ ಸರ್ಕಾರದ ಆರೋಗ್ಯ ವಿಷಯದ ಮುಖ್ಯ ಡಾಕ್ಟ್ರು) 2006ರ ವರದಿಲಿದೆ. ಎಲ್ರಿಗೂ ಬಂದೇ ಬರುತ್ತೆ ಅಂತಲ್ಲ, ನಿಮ್ಮಜ್ಜಿ ಪುಣ್ಯವಂತರು. ಕಿಟಕಿ ಫ್ಯಾನ್ ಇದ್ರೂ ಹೊಗೆ ಪೂರ್ತಿ ಹೋಗಲ್ಲ ಅಂತ್ಲೂ ಅದೇ ವರದಿ ಹೇಳುತ್ತೆ.

ಮೈಸೂರಕ್ಕ:
ಹೋಟ್ಲು ಬಸ್‌ಸ್ಟ್ಯಾಂಡಲ್ಲಿ ಸೇದಂಗಿಲ್ಲ ಅಂತ 2008ರಿಂದ ರೂಲ್ ಇದೆ, ಮನೆಗೆ ಯಾವ್ ರೂಲು! ನಮ್ ಯಜಮಾನ್ರು ಹಾರ್ಟು ಗೀರ್ಟು ಅಂದ್ರೆ ಕೇಳ್ತಿರ್ಲಿಲ್ಲ, ಬೀಡಿ ಕಟ್ಟು ಬೆಂಕಿಪಟ್ಣ ಎರಡ್ನೂ ಹಿತ್ಲಲ್ಲಿಟ್ಬಿಟ್ಟೆ, ಮಳೆಗಾಲದಲ್ಲಿ ಎದ್ದು ಹೋಗೋ ಸೋಮಾರಿತನಕ್ಕೇ ಅರ್ಧ ಕಮ್ಮಿ ಆಯ್ತು.

ತುಂಗಾತೀರ:
ಟಿಎಂಟಿ ಸೋಮವಾರ. ಆ 30 ನಿಮಿಷದ್ದು ಓದಿ ಹೇಳ್ದೆ, ‘ಜಪಾನ್‌ನೋರಿಗೆ ಬೇರೆ ಕೆಲ್ಸ ಇಲ್ವಾ’ ಅಂದ್ಕೊಂಡೇ ಕುರ್ಚಿ ಎತ್ಕೊಂಡು ಜಗಲಿಗೆ ಹೋದ್ರು. ಜಗಲಿ ಸಾಕಾ?

ಇಸಿಜಿ_ಟೆಕ್:
ಬಾಗ್ಲು ತೆಗ್ದಿದ್ರೆ ಸಾಕಾಗಲ್ಲ, ಹೊಗೆ ಒಳಗೇ ಬರುತ್ತೆ. ಕುರ್ಚಿ ಅಂಗಳಕ್ಕೆ ಹಾಕಿ.